ಹೊಡೆದುಹಾಕಿದ ಪದದ ಕೆಳಗೆ

೪ ಜೂನ್

ತಿದ್ದಪ್ಪನಿಗೆ ಅಕ್ಕನ ಆಶೀರ್ವಾದ.

ನೀನು ಕೆಂಪು ಪೆನ್ನು ಎತ್ತಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ತಪ್ಪು ಮೆಷಿನ್ನಿನದು. ಐವತ್ತೆರಡು ವರ್ಷದ ಗಂಡಸು, ಅಚ್ಚಿನ ಮನೆಯಲ್ಲಿ ದಿನವಿಡೀ ಊರಿನವರ ತಪ್ಪು ಹುಡುಕಿದ್ದು ಸಾಲದೆ ಅಕ್ಕ ಬರೆದ ಕಾಗದವನ್ನೂ ತಿದ್ದಿ ವಾಪಸ್ ಕಳಿಸುತ್ತಾನೆ ಅಂದರೆ ಯಾರೂ ನಂಬುವುದಿಲ್ಲ. ಹೋದ ಸಲದ್ದರಲ್ಲಿ ಒಂದು ಹೊಸ ಗುರುತು ಇತ್ತು. ನಾನು ಹೊಡೆದುಹಾಕಿದ ಸಾಲಿನ ಕೆಳಗೆ ಉದ್ದಕ್ಕೂ ಚುಕ್ಕೆ ಇಟ್ಟಿದ್ದೀಯ. ಏನಪ್ಪ ಅದು, ನಾನು ಗುಂಡಿಗೆ ಕಾಜಾ ಹೊಲಿಯಬೇಕಾದ ಜಾಗವೋ?

ನೀನು ಅಲ್ಲಿ ಕೊಟ್ಟ ರಕ್ತ ಇಲ್ಲಿನ ಆಸ್ಪತ್ರೆಗೆ ಬಂದು ಸೇರಿದೆಯಂತೆ. ನನ್ನದು, ಅಮ್ಮನದು ಸೋಮವಾರವೇ ಆಯಿತು. ಅಮ್ಮ ಸೂಜಿ ಚುಚ್ಚಿದ ನರ್ಸಿಗೆ "ನಿನ್ನ ಹೊಲಿಗೆ ನೆಟ್ಟಗಿಲ್ಲ ಕಣೆ" ಅಂದಳು. ಇಷ್ಟೆಲ್ಲ ಮರೆತರೂ ಬಯ್ಯುವುದು ಮರೆತಿಲ್ಲ ನೋಡು. ಮರೆವಿನ ರೋಗ ಬಂದವರ ಮಕ್ಕಳಿಗೆ ಅದರ ಅಪಾಯ ಎಷ್ಟಿರುತ್ತದೆ ಎಂದು ತಿಳಿಯುವ ಅಧ್ಯಯನ ಇದು, ಮೂರು ವರದಿಯೂ ಬರಲು ಸ್ವಲ್ಪ ದಿನ ಹಿಡಿಯುತ್ತದೆ ಎಂದರು ಡಾಕ್ಟರಮ್ಮ. ನೀನು ನಿನ್ನ ವರದಿಯೂ ನನ್ನ ವಿಳಾಸಕ್ಕೇ ಬರಲಿ ಎಂದು ಸಹಿ ಹಾಕಿದ್ದೀಯಂತೆ. "ನಿಮ್ಮ ತಮ್ಮ ಯೋಚನೆ ಮಾಡೇ ಹಾಕಿದಾರಾ?" ಎಂದು ಅವರು ಎರಡು ಸಲ ಕೇಳಿದರು. ಯೋಚನೆ ಮಾಡುವುದೊಂದನ್ನು ಬಿಟ್ಟು ಅವನು ಬೇರೇನೂ ಮಾಡುವುದಿಲ್ಲ ಎಂದೆ.

ಅಮ್ಮನ ಅನುಮಾನ ಜಾಸ್ತಿಯಾಗಿದೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ನನ್ನ ತೋಳು ಹಿಡಿದುಕೊಂಡು "ಅವರು ಕೇಳ್ಕೊಂಡು ಬಂದಿದಾರೆ. ಅದನ್ನ ಕೊಡಬೇಡ. ಇಲ್ಲಿಲ್ಲ ಅನ್ನು" ಅನ್ನುತ್ತಾಳೆ. ಯಾವುದನ್ನಮ್ಮ ಎಂದರೆ ತುಟಿ ಬಿಗಿದುಕೊಳ್ಳುತ್ತಾಳೆ. ಮೊನ್ನೆ ಉದ್ದ ಕಡಿಮೆ ಮಾಡಿಸಲು ಕೊಟ್ಟಿದ್ದ ಪ್ಯಾಂಟು ಕೇಳಲು ಬಂದ ಬ್ಯಾಂಕಿನವರು ಬರಿಗೈಯಲ್ಲಿ ವಾಪಸ್ ಹೋದರು. ಅವಳ ಮನಸ್ಸಿನಲ್ಲಿರುವುದು ಕೈಚೀಲವೋ ಗುಂಡಿಯ ಡಬ್ಬಿಯೋ ಇರಬೇಕೆಂದು ಎರಡನ್ನೂ ಅವಳ ಮಡಿಲಿಗೆ ಹಾಕಿ ಕೂರಿಸಿದ್ದೇನೆ. ಆದರೂ ಬಾಗಿಲನ್ನೇ ನೋಡುತ್ತಾಳೆ.

ನಿನ್ನ ಅಕ್ಕ

&nbsp;

೧೨ ಜೂನ್

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಹದಿನಾಲ್ಕು ತಪ್ಪು. ಮೆಷಿನ್ನಿನದು ಮೂರು, ಉಳಿದವು ನಿನ್ನವು.

ಚುಕ್ಕೆಗಳ ವಿಷಯ. ಕೆಲವು ಸಲ ಕರಡು ತಿದ್ದುವವನು ಅವಸರದಲ್ಲಿ ಸರಿಯಾದ ಪದವನ್ನೇ ಹೊಡೆದುಹಾಕಿಬಿಡುತ್ತಾನೆ. ಆಮೇಲೆ ತಪ್ಪಾಯಿತೆಂದು ಗೊತ್ತಾದರೆ ಆ ಪದದ ಕೆಳಗೆ ಚುಕ್ಕೆಗಳ ಸಾಲು ಇಟ್ಟು, ಪಕ್ಕದ ಖಾಲಿ ಜಾಗದಲ್ಲಿ "ಇರಲಿ" ಎಂದು ಬರೆಯುತ್ತೇವೆ. ಅಚ್ಚಿನವರು ಹೊಡೆದದ್ದನ್ನು ಲೆಕ್ಕಕ್ಕೆ ಹಿಡಿಯದೆ ಮೊದಲಿದ್ದ ಹಾಗೆಯೇ ಇಡುತ್ತಾರೆ. ನೀನು ಹೊಡೆದುಹಾಕಿದ್ದ ಸಾಲು ಚೆನ್ನಾಗಿತ್ತು, ಅದಕ್ಕೇ ಇಟ್ಟೆ.

ಈಗ ಮುಖ್ಯ ವಿಷಯ. ನಮ್ಮ ಅಚ್ಚಿನ ಮನೆಯವರು ದೊಡ್ಡ ನಿಘಂಟನ್ನು ಮತ್ತೆ ಮೊದಲಿಂದ ತಿದ್ದಿಸುತ್ತಿದ್ದಾರೆ. ಹತ್ತು ವರ್ಷದ ಕೆಲಸ. ಅದರ ಹೊಣೆ ನಾನೇ ಹೊರಬೇಕಂತೆ. ಆಗಸ್ಟ್ ಮೂವತ್ತೊಂದರೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಅಕ್ಕಾ, ಮೂವತ್ತು ವರ್ಷದಿಂದ ಮದುವೆ ಪತ್ರಿಕೆ, ಪಠ್ಯಪುಸ್ತಕ, ಔಷಧಿ ಡಬ್ಬಿಯ ಚೀಟಿ ತಿದ್ದಿಕೊಂಡು ಕೂತವನು ನಾನು, ಇದಕ್ಕಾಗಿಯೇ ಕಾದಿದ್ದೆ. ಆದರೆ ಹೋದ ವಾರ ಕೆಲಸದ ಕೋಣೆಯ ಬಾಗಿಲು ಮುಚ್ಚುತ್ತಿದ್ದಾಗ ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಬರಲಿಲ್ಲ. "ಅದು ಹಾಕಿ, ಬಾಗಿಲಿಗೆ ಹಾಕ್ತೀವಲ್ಲ, ಅದು" ಎಂದೆ. ಜೊತೆಯವರು ನಕ್ಕರು. ಚಿಲಕ ಎಂಬ ಪದ ಸಿಕ್ಕಿದ್ದು ಬೀದಿಗೆ ಇಳಿದ ಮೇಲೆ. ಅಮ್ಮನಿಗೂ ಮೊದಲು ಕೈಕೊಟ್ಟದ್ದು ಹೆಸರುಗಳೇ ಅಲ್ಲವೇ? ನಿಘಂಟನ್ನು ಅರ್ಧದಲ್ಲಿ ಬಿಟ್ಟು, ಯಾರೋ ಕೈಹಿಡಿದು ನನ್ನನ್ನು ಹೊರಗೆ ಕರೆತರುವ ಹಾಗೆ ಆಗಬಾರದು. ಅಪಾಯ ದೊಡ್ಡದಿದ್ದರೆ ನಾನು ಒಪ್ಪುವುದಿಲ್ಲ.

ಆದ್ದರಿಂದ ಲಕೋಟೆ ನೀನೇ ಒಡೆ, ಇದ್ದದ್ದನ್ನು ಇದ್ದ ಹಾಗೆ ಬರೆ. ಫೋನ್ ಬೇಡ. ಫೋನಿನಲ್ಲಿ ನೀನು ನಗಿಸಿ ಮಾತು ಹಾರಿಸುತ್ತೀಯ. ಕಾಗದದಲ್ಲಾದರೆ ನನ್ನ ಕೈಗೆ ಸಿಕ್ಕಿಬೀಳುತ್ತೀಯ.

ಮಾರ್ಚಿನಲ್ಲಿ ನಾನು ಬಂದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತು, ಎದೆಗೆ ಕೈಯಿಟ್ಟು ತಳ್ಳಿ "ಕೊಡಲ್ಲ, ಹೋಗಿ" ಎಂದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ನಿನ್ನ ಗುರುತು ಹತ್ತುತ್ತದೆ, ನನ್ನದು ಯಾಕಿಲ್ಲ? ಐವತ್ತು ದಾಟಿದವನು ಕೇಳುವ ಮಾತಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ ತಮ್ಮ

&nbsp;

೨೭ ಜೂನ್

ತಿದ್ದಪ್ಪಾ,

ಮೊದಲು ನಿಘಂಟಿಗೆ ಶಭಾಷ್! ಎದುರುಮನೆಯ ಟೀಚರಮ್ಮನಿಗೂ ಹೇಳಿದೆ. "ಅದರಲ್ಲಿ ನಿಮ್ಮ ಹೆಸರೂ ಬರುತ್ತಾ?" ಎಂದು ಕೇಳಿದರು. ಅಕ್ಕ ಅನ್ನುವ ಪದ ಅಕಾರದಲ್ಲೇ ಬರುತ್ತದೆ, ಮೊದಲ ವರ್ಷವೇ ನನ್ನ ಪಾಳಿ ಎಂದೆ.

ಅಮ್ಮನ ವರದಿ ಬಂತು. ನಮ್ಮಿಬ್ಬರದೂ ಇನ್ನೂ ಇಲ್ಲ. ಡಾಕ್ಟರಮ್ಮ ಚೀಟಿಯ ಮೇಲೆ ಚಿತ್ರ ಬರೆದು ಹೇಳಿದ್ದನ್ನು ನಿನಗೆ ಹಾಗೇ ಒಪ್ಪಿಸುತ್ತೇನೆ. ಈ ರೋಗಕ್ಕೆ ಸಂಬಂಧಪಟ್ಟ ಒಂದು ಜೀನು ಇದೆಯಂತೆ. ಎಲ್ಲರಲ್ಲೂ ಅದರ ಎರಡು ಪ್ರತಿ ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಅದರಲ್ಲೇ ಬೇರೆ ಬೇರೆ ಬಗೆ, ಎರಡನೇದು, ಮೂರನೇದು, ನಾಲ್ಕನೇದು ಎಂದು. ನಾಲ್ಕನೇದೇ ಕಿತಾಪತಿಯದ್ದು. ಒಂದು ಪ್ರತಿ ಹಾಗಿದ್ದರೆ ಅಪಾಯ ಹೆಚ್ಚು, ಎರಡೂ ಹಾಗಿದ್ದರೆ ಇನ್ನೂ ಹೆಚ್ಚು. "ಇದ್ದೋರಿಗೆಲ್ಲ ಬಂದೇ ಬರುತ್ತೆ ಅಂತಿಲ್ಲಮ್ಮ, ಇಲ್ಲದೋರಿಗೆ ಬರೋದೇ ಇಲ್ಲ ಅಂತಾನೂ ಇಲ್ಲ" ಎಂದು ಅವರು ಮೂರು ಸಲ ಹೇಳಿದರು. ಅಮ್ಮನದು ಎರಡೂ ನಾಲ್ಕನೇದೇ.

ನಾನು ಮನೆಗೆ ಬಂದು ಅಮ್ಮನ ತಲೆ ಬಾಚಿದೆ. ಅವಳು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು, ಬಿಳಿಯ ರಾಶಿಯಲ್ಲಿ ಒಂದೂ ತಪ್ಪಿಲ್ಲ.

ನಿನ್ನ ಅಕ್ಕ

&nbsp;

೫ ಜುಲೈ

ಅಕ್ಕನಿಗೆ,

ಡಾಕ್ಟರಮ್ಮನ ಚಿತ್ರ ನನಗೆ ಚೆನ್ನಾಗಿಯೇ ಅರ್ಥವಾಯಿತು, ಇದು ನಮ್ಮ ಕೆಲಸದ ಭಾಷೆ. ಅಮ್ಮನ ಎರಡು ಪ್ರತಿಯಲ್ಲೂ ಅದೇ ಅಚ್ಚಿನ ತಪ್ಪಿದೆ. ಅಂದಮೇಲೆ ಯಾವ ಪ್ರತಿ ನಮಗೆ ಬಂದರೂ ತಪ್ಪು ಬಂದಿರಲೇಬೇಕು. ನಿನಗೂ ಒಂದು, ನನಗೂ ಒಂದು, ಇದರಲ್ಲಿ ಅನುಮಾನವೇ ಇಲ್ಲ.

ಉಳಿದ ಪ್ರಶ್ನೆ ಅಪ್ಪನದು. ಅವರು ನಲವತ್ತೆಂಟಕ್ಕೇ ಎದೆನೋವಿನಿಂದ ಹೋದರು. ಇದ್ದಿದ್ದರೆ ಮರೆಯುತ್ತಿದ್ದರೋ ಇಲ್ಲವೋ ಯಾರು ಹೇಳಬೇಕು? ನಾನು ತೀರ್ಮಾನ ಮಾಡಿದ್ದೇನೆ. ನನ್ನಲ್ಲಿ ಒಂದೇ ಇದ್ದರೆ ನಿಘಂಟಿನ ವಿಷಯ ಯೋಚಿಸುತ್ತೇನೆ, ಎರಡಿದ್ದರೆ ಇಲ್ಲ. ಜೇಬಿನಲ್ಲಿ ಒಂದು ಪುಸ್ತಕ ಇಟ್ಟುಕೊಂಡು, ಬಾರದೆ ಹೋದ ಪದಗಳನ್ನು ಬರೆಯುತ್ತಿದ್ದೇನೆ. ಈ ವಾರ ನಾಲ್ಕು. ಭಯವಾಗುತ್ತಿದೆ ಅಕ್ಕಾ.

ವರದಿ ಬಂದ ದಿನವೇ ಬರೆ.

ತಮ್ಮ

&nbsp;

೨೪ ಜುಲೈ

ಪ್ರೀತಿಯ ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಶಾಲೆ ಶುರುವಾಯಿತಲ್ಲ, ಸಮವಸ್ತ್ರದ ರಾಶಿ ಬಿದ್ದಿದೆ, ಅದಕ್ಕೇ ಬರೆಯುವುದು ತಡವಾಯಿತು. ಆಸ್ಪತ್ರೆಯವರ ಕೆಲಸ ನಿಧಾನ, ನಿನಗೆ ಗೊತ್ತೇ ಇದೆ. ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ, ಮಾತಾಡಿ ಬಹಳ ದಿನವಾಗಿತ್ತು. ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ.

ನಿನಗೆ ಏನು ಬಂದಿರಲಿ, ಬಾರದಿರಲಿ, ನಾನು ನಿನ್ನ ××××××× ಅಕ್ಕ. ಅದೊಂದು ನೆನಪಿಟ್ಟುಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

&nbsp;

೩೦ ಜುಲೈ

ಅಕ್ಕನಿಗೆ,

ಈ ಸಲದ ಕಾಗದವನ್ನು ತಿದ್ದಿ ಕಳಿಸುತ್ತಿಲ್ಲ. ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ, ಸಾಕ್ಷಿಗೆ.

ವರದಿ ಬಂದಿದೆ. ಬಂದಿಲ್ಲ ಎಂದು ನೀನೂ ಬರೆದಿಲ್ಲ, ಆಸ್ಪತ್ರೆಯವರು ನಿಧಾನ ಎಂದಿದ್ದೀಯ. ತಿದ್ದಪ್ಪ ಎಂದು ಕರೆಯುವ ಅಕ್ಕ ಇದ್ದಕ್ಕಿದ್ದ ಹಾಗೆ ಪ್ರೀತಿಯ ತಮ್ಮ ಅನ್ನುತ್ತಾಳೆ. ಎಂಟು ಸಾಲಿನಲ್ಲಿ ಮೂರು ಸಲ ಚೆನ್ನಾಗಿ ಎಂಬ ಮಾತು. ಆರು ವರ್ಷದಿಂದ ಮುಖ ನೋಡದ ಚಿಕ್ಕಮ್ಮನ ಮನೆಗೆ ಸಮವಸ್ತ್ರದ ರಾಶಿ ಬಿಟ್ಟು ಹೋಗುತ್ತೀಯ. ಅಲ್ಲಿ ಕೂತು ನನಗೆ ಹೇಗೆ ಹೇಳುವುದೆಂದು ಇಬ್ಬರೂ ಸೇರಿ ಯೋಚಿಸಿದಿರಾ?

ಕೊನೆಗೆ ಆ ಹೊಡೆದುಹಾಕಿದ ಪದ. ಮೇಲೆ ಮೂರು ಸಲ ಗೀಚಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದು, ಕಾಗದದ ಹಿಂಬದಿಯಿಂದ ಓದಿದೆ. "ಒಡಹುಟ್ಟಿದ". ಇದರಲ್ಲಿ ಹೊಡೆದುಹಾಕುವಂಥದ್ದು ಏನಿದೆ? ನಾನೇ ಹೇಳುತ್ತೇನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ನಿನಗೆ ಒಂದು, ನನಗೆ ಎರಡು ಬಂದಿದೆ. ಆ ಪದ ಬರೆದ ಕೂಡಲೇ ನಿನ್ನ ಪಾಲು ಕಡಿಮೆಯಾಯಿತೆಂದು ನಿನಗೆ ನಾಚಿಕೆಯಾಯಿತು. ಸರಿಯೋ ತಪ್ಪೋ ಹೇಳು.

ನನ್ನನ್ನು ಮರುಳು ಮಾಡಬೇಡ. ಮರುಳಾಗಲು ನನಗೆ ಇನ್ನೂ ಸಮಯವಿದೆ.

ತಮ್ಮ

&nbsp;

೮ ಆಗಸ್ಟ್

ಪತ್ತೇದಾರರೇ,

ಟೀಚರಮ್ಮನಿಗೆ ಫೋನ್ ಮಾಡಿ "ಅಕ್ಕನ ಮನೆಗೆ ಆಸ್ಪತ್ರೆಯಿಂದ ಲಕೋಟೆ ಬಂದದ್ದು ನೋಡಿದಿರಾ" ಎಂದು ವಿಚಾರಿಸಿದೆಯಂತೆ. ನಿನಗೆ ನಾಚಿಕೆಯಾಗಬೇಕು! ಅವರು ಬಂದು ನನ್ನ ಮುಂದೆ ಎಲ್ಲ ಒದರಿದರು.

ಹೌದು, ವರದಿ ಬಂದಿದೆ. ತಡ ಮಾಡಿದ್ದು ನನ್ನ ತಪ್ಪು. ನನ್ನಲ್ಲಿ ನಾಲ್ಕನೇ ಬಗೆಯದು ಒಂದಿದೆ. ನಿನ್ನಲ್ಲಿ ಒಂದೂ ಇಲ್ಲ. ಒಂದೂ ಇಲ್ಲ ಕಣೋ. ಎರಡು ಪ್ರತಿಯೂ ಮೂರನೇದು, ಎಲ್ಲರಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಅಮ್ಮನ ಹಾಗೆ ಆಗುತ್ತೇನೆಂದು ಹೆದರಿ ಬದುಕಬೇಕಾಗಿಲ್ಲ, ಚಿಲಕ ಮರೆತದ್ದು ಬರೀ ಚಿಲಕ ಮರೆತದ್ದು. ಜೇಬಿನಲ್ಲಿರುವ ಆ ಪುಸ್ತಕ ಎಸೆದು ನಿಘಂಟಿಗೆ ಹೂಂ ಅನ್ನು.

ಇದಕ್ಕಿಂತ ಹೆಚ್ಚು ಏನೂ ಕೇಳಬೇಡ, ಖುಷಿಪಡು.

ಅಕ್ಕ

&nbsp;

೧೩ ಆಗಸ್ಟ್

ಅಕ್ಕಾ,

ಸುಳ್ಳು ಹೇಳುವುದಾದರೆ ಅದರ ಕರಡನ್ನೂ ಒಂದು ಸಲ ಓದಿ ಕಳಿಸಬೇಕು. ಅಮ್ಮನಲ್ಲಿ ಎರಡೂ ನಾಲ್ಕನೇದು ಎಂದು ಜೂನಿನಲ್ಲಿ ಬರೆದವಳು ನೀನೇ. ಹಾಗಿದ್ದಮೇಲೆ ಅವಳ ಮಗನಲ್ಲಿ ಒಂದೂ ಇಲ್ಲದೆ ಇರುವುದು ಸಾಧ್ಯವೇ ಇಲ್ಲ ಎಂದು ಜುಲೈಯಲ್ಲಿ ನಾನೇ ಬರೆದೆ. ಅದನ್ನು ಓದಿಯೂ ಈ ಕಥೆ ಕಟ್ಟಿದ್ದೀಯಲ್ಲ, ನನ್ನ ತಲೆ ಅಷ್ಟು ಕೆಟ್ಟಿದೆ ಎಂದುಕೊಂಡೆಯಾ? ಒಂದು ಇದೆ ಎಂದಿದ್ದರೆ ನಂಬಿಬಿಡುತ್ತಿದ್ದೆ. ಅವಸರದಲ್ಲಿ ಸೊನ್ನೆ ಮಾಡಿ ಕೆಡಿಸಿಕೊಂಡೆ.

ಎರಡು ಎಂದು ಹೇಳಲು ನಿನಗೆ ಬಾಯಿ ಬರಲಿಲ್ಲ, ಅಷ್ಟೇ. ನನಗೆ ಉತ್ತರ ಸಿಕ್ಕಿತು. ನಿಘಂಟು ಬೇಡವೆಂದು ಅಚ್ಚಿನ ಮನೆಯವರಿಗೆ ಪತ್ರ ಬರೆದಿಟ್ಟಿದ್ದೇನೆ. ಇಪ್ಪತ್ತೈದಕ್ಕೆ ಕೊಡುತ್ತೇನೆ. ರೋಗಕ್ಕಿಂತ ನಿನ್ನ ಸುಳ್ಳಿಗೆ ಹೆಚ್ಚು ನೋವಾಯಿತು. ಚಿಕ್ಕಂದಿನಿಂದ ನಂಬಿದ್ದು ನಿನ್ನೊಬ್ಬಳನ್ನೇ.

ತಮ್ಮ

&nbsp;

೧೯ ಆಗಸ್ಟ್

ತಿದ್ದಪ್ಪಾ,

ಆ ಪತ್ರ ಕೊಡಬೇಡ. ಇದನ್ನು ಪೂರ್ತಿ ಓದುವವರೆಗೆ ಎಲ್ಲಿಗೂ ಏಳಬೇಡ.

ನಿನ್ನ ಲೆಕ್ಕ ಸರಿ. ನಾನು ಬರೆದದ್ದೂ ಸರಿ. ಎರಡೂ ಸರಿಯಾಗಲು ಇರುವ ದಾರಿ ಒಂದೇ, ಅದು ನಿನಗೆ ಹೊಳೆಯದಿರಲಿ ಎಂದೇ ನಾನು ಒಂದು ತಿಂಗಳು ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತಿದ್ದೆ.

ವರದಿ ಬಂದದ್ದು ಜುಲೈ ಒಂಬತ್ತಕ್ಕೆ. ಲಕೋಟೆ ಅದಲುಬದಲಾಗಿದೆ ಎಂದು ಆಸ್ಪತ್ರೆಗೆ ಹೋಗಿ ಜಗಳ ಮಾಡಿದೆ. ಉಳಿದಿದ್ದ ರಕ್ತದಲ್ಲಿ ಡಾಕ್ಟರಮ್ಮ ಇನ್ನೊಂದು ಸಲ ಪರೀಕ್ಷೆ ಮಾಡಿಸಿದರು. ಬದಲಾಗಲಿಲ್ಲ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು "ಅಮ್ಮಾ, ನಿಮ್ಮ ತಮ್ಮ ಹುಟ್ಟಿದಾಗ ನಿಮಗೆಷ್ಟು ವಯಸ್ಸು?" ಎಂದು ಮೆಲ್ಲಗೆ ಕೇಳಿದರು. ಆರು ಎಂದೆ. ಆಗ ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ವಾಪಸ್ ಬಂದಾಗ ಅಮ್ಮನ ತೊಡೆಯ ಮೇಲೆ ನೀನಿದ್ದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಅದಕ್ಕೇ ಚಿಕ್ಕಮ್ಮನ ಮನೆಗೆ ಓಡಿದೆ.

ಚಿಕ್ಕಮ್ಮ ಮೊದಲು ಏನೂ ಇಲ್ಲ ಎಂದರು. ಆಮೇಲೆ ಅಳುತ್ತಾ ಹೇಳಿದರು. "ನಿಮ್ಮಪ್ಪ ಆಸ್ಪತ್ರೇಲಿ ಔಷಧಿ ಕೊಡೋ ಕೆಲಸದಲ್ಲಿದ್ರಲ್ಲ, ಅಲ್ಲಿ ಹೆರಿಗೇಲಿ ಒಬ್ಬಳು ತೀರ್ಕೊಂಡಳು. ಮಗೂನ ಕೇಳ್ಕೊಂಡು ಹನ್ನೆರಡು ದಿನ ಯಾರೂ ಬರಲಿಲ್ಲ. ನಿಮ್ಮಮ್ಮ ಸುಮ್ನೆ ನೋಡಿ ಬರ್ತೀನಿ ಅಂತ ಹೋದೋಳು ಎತ್ಕೊಂಡೇ ಬಂದಳು. ಕಾಗದಪತ್ರ ಎಲ್ಲ ಸರಿಯಾಗೇ ಆಯ್ತು. ಆದ್ರೂ ಎರಡು ವರ್ಷ ಯಾರು ಬಾಗಿಲು ತಟ್ಟಿದ್ರೂ ನಡುಗೋಳು. ಅವರ ಕಡೆಯೋರು ಬಂದು ಕೇಳಿದ್ರೆ ಏನು ಮಾಡಲಿ ಅನ್ನೋಳು."

ಅದನ್ನ ಕೊಡಬೇಡ ಎಂದು ಅಮ್ಮ ದಿನವೂ ನನಗೆ ಹೇಳುತ್ತಿದ್ದುದು ಕೈಚೀಲವಲ್ಲ, ಗುಂಡಿಯ ಡಬ್ಬಿಯೂ ಅಲ್ಲ. ನಮ್ಮ ಮಾತಿನಲ್ಲಿ ಮಗುವನ್ನೂ ಅದು ಅನ್ನುತ್ತೇವೆ ಅಲ್ಲವೇನೋ. ನನಗೆ ಹೊಳೆಯಲೇ ಇಲ್ಲ. ಮಾರ್ಚಿನಲ್ಲಿ ಬಾಗಿಲಲ್ಲಿ ನಿಂತಿದ್ದವನು ಅವಳ ಕಣ್ಣಿಗೆ ಯಾರೋ ದೊಡ್ಡ ಗಂಡಸು, ಮಗುವನ್ನು ಕೇಳಿಕೊಂಡು ಬಂದವನು. ನಿನ್ನನ್ನು ಬೇಡವೆಂದು ತಳ್ಳಲಿಲ್ಲ ಅವಳು. ನಿನ್ನನ್ನು ಕೊಡುವುದಿಲ್ಲವೆಂದು ತಳ್ಳಿದಳು.

"ಒಡಹುಟ್ಟಿದ" ಎಂದು ಅಭ್ಯಾಸಬಲದಿಂದ ಬರೆದೆ. ಬರೆದ ಮೇಲೆ, ನಿನ್ನಂಥವನಿಗೆ ಸುಳ್ಳು ಪದ ಬರೆಯುತ್ತಿದ್ದೇನಲ್ಲ ಎನ್ನಿಸಿ ಹೊಡೆದುಹಾಕಿದೆ. ಹೊಡೆದ ಮೇಲೆ ಕೈ ಕತ್ತರಿಸಿಕೊಂಡಷ್ಟು ಸಂಕಟವಾಯಿತು.

ನಿನ್ನ ಒಳ್ಳೆಯ ಸುದ್ದಿಯನ್ನು ಈ ಸುದ್ದಿ ಇಲ್ಲದೆ ನಿನಗೆ ಕೊಡಲು ನನ್ನಿಂದ ಆಗಲಿಲ್ಲ. ನಿಘಂಟು ಹೋಗುವುದಕ್ಕಿಂತ ನನ್ನ ಮೇಲೆ ನಿನಗೆ ಕೋಪ ಬರುವುದೇ ಮೇಲೆಂದು ಬರೆದಿದ್ದೇನೆ.

ಅಕ್ಕ

&nbsp;

೩೦ ಆಗಸ್ಟ್

ಕಾಗದ ತಲುಪಿತೋ ಇಲ್ಲವೋ? ನಾಳೆ ಮೂವತ್ತೊಂದು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಬಯ್ಯುವುದಾದರೂ ಬಯ್ದು ಒಂದು ಸಾಲು ಬರೆ. ಬೇಕೆಂದೇ ಇದರಲ್ಲಿ ಎರಡು ತಪ್ಪು ಬಿಟ್ಟಿದ್ದೇನೆ, ತಿದ್ದಿಯಾದರೂ ಕಳಿಸು.

ಅಕ್ಕ

&nbsp;

೬ ಸೆಪ್ಟೆಂಬರ್

ಅಕ್ಕನಿಗೆ ನಮಸ್ಕಾರ.

ಎರಡಲ್ಲ, ಮೂರು ತಪ್ಪು. ಒಂದು ನಿನಗೆ ಗೊತ್ತಿಲ್ಲದೆ ಬಿದ್ದಿದೆ.

ನಿನ್ನ ಕಾಗದ ಇಪ್ಪತ್ತನಾಲ್ಕಕ್ಕೇ ಬಂತು. ಮೊದಲು ನಂಬಲಿಲ್ಲ. ಇದೂ ನಿನ್ನ ಇನ್ನೊಂದು ಕಥೆ ಎಂದುಕೊಂಡು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ನನ್ನ ಅರ್ಜಿಯ ಸಂಖ್ಯೆ, ಹುಟ್ಟಿದ ತಾರೀಕು ಎಲ್ಲ ಕೇಳಿ, ಆಮೇಲೆ ಹೇಳಿದರು. ಅದಾದ ಮೇಲೆ ಚಿಕ್ಕಮ್ಮನಿಗೂ ಮಾಡಿದೆ. ನನ್ನ ದನಿ ಕೇಳಿದ್ದೇ ಅವರು ಅಳುವುದಕ್ಕೆ ಶುರುಮಾಡಿದರು. ಅನುಮಾನ ಪಡಲು ಇನ್ನು ಯಾರೂ ಉಳಿಯಲಿಲ್ಲ.

ನಿನ್ನ ಮೇಲೆ ಕೋಪ ಬಂತು. ಅಪ್ಪ ಅಮ್ಮನ ಮೇಲೆ ಇನ್ನೂ ಜಾಸ್ತಿ ಬಂತು. ಹನ್ನೆರಡು ದಿನ ಬಾರದೆ ಹೋದವರ ಮೇಲೂ ಬಂತು. ಆದರೆ ನಾನು ಎಂದೂ ಎಣಿಸಿರದ ಒಂದು ವಿಷಯ ಹೇಳುತ್ತೇನೆ, ನಗಬೇಡ. ಎರಡು ತಿಂಗಳು ಆ ಜೀನು ನನ್ನಲ್ಲಿ ಇಲ್ಲದಿದ್ದರೆ ಸಾಕಪ್ಪ ಎಂದು ಒದ್ದಾಡಿದವನು, ಇಲ್ಲವೆಂದು ಗೊತ್ತಾದ ದಿನ ಅದು ಬೇಕಿತ್ತೆಂದು ಅತ್ತೆ. ನಿನ್ನಲ್ಲಿ ಅಮ್ಮನದು ಒಂದಿದೆ. ನನ್ನಲ್ಲಿ ಅಷ್ಟೂ ಇಲ್ಲ. ಹೊಟ್ಟೆಕಿಚ್ಚಾಯಿತು ಅಕ್ಕಾ.

ಆಮೇಲೆ ನಿನ್ನ ನೆನಪಾಯಿತು. ಅಷ್ಟೂ ಕಾಗದದಲ್ಲಿ ನಾನು ನನ್ನ ಭಯವನ್ನೇ ಬರೆದುಕೊಂಡೆ. ನಿನ್ನಲ್ಲಿ ಒಂದಿದೆ ಎಂದು ನೀನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದೆ, ನಾನೂ ಓದಿ ಮುಂದೆ ಹೋದೆ. ಇನ್ನು ಮೇಲೆ ಜೇಬಿನ ಪುಸ್ತಕದಲ್ಲಿ ನಿನ್ನ ಪದಗಳನ್ನು ಬರೆದುಕೊಳ್ಳುತ್ತೇನೆ. ಯಾವ ಪದ ಬಾರದಿದ್ದರೂ ನನ್ನನ್ನು ಕೇಳು. ಹತ್ತು ವರ್ಷ ಅದೇ ನನ್ನ ಕೆಲಸ. ಹೌದು, ಮೂವತ್ತೊಂದರ ಸಂಜೆ ಹೋಗಿ ಹೂಂ ಎಂದು ಬಂದೆ.

ಮುಂದಿನ ಭಾನುವಾರ ಬರುತ್ತೇನೆ. ಅಮ್ಮನಿಗೆ ಮೊದಲೇ ಏನೂ ಹೇಳಬೇಡ. ಬಾಗಿಲಿಗೆ ಅಡ್ಡ ನಿಂತು ಕೊಡಲ್ಲ, ಹೋಗಿ ಎಂದರೆ, ಕೊಡಬೇಡಮ್ಮ, ನೀನೇ ಇಟ್ಕೋ ಎಂದು ಹೇಳಿ ಮೆಟ್ಟಿಲ ಮೇಲೆ ಕೂತುಕೊಳ್ಳುತ್ತೇನೆ. ಒಳಗೆ ಕರೆಯುವ ತನಕ ಕಾಯಲು ನನಗೆ ಏನೂ ತೊಂದರೆಯಿಲ್ಲ.

ಜುಲೈ ಇಪ್ಪತ್ತನಾಲ್ಕರ ಕಾಗದ ನನ್ನ ಹತ್ತಿರವೇ ಉಳಿದಿತ್ತಲ್ಲ, ಈಗ ತಿದ್ದಿ ವಾಪಸ್ ಕಳಿಸುತ್ತಿದ್ದೇನೆ. ತಿದ್ದಿದ್ದು ಒಂದೇ ಕಡೆ. ನೀನು ಮೂರು ಸಲ ಗೀಚಿದ ಆ ಪದದ ಕೆಳಗೆ ಕೆಂಪು ಚುಕ್ಕೆಗಳಿವೆ. ಪಕ್ಕದಲ್ಲಿ "ಇರಲಿ" ಎಂದು ಬರೆದಿದ್ದೇನೆ.

ನಿನ್ನ ತಮ್ಮ